ಮೂರಡಿ ದೂರದ ಸೈನಿಕ: ವಾರ್‌ಗೇಮ್ ಮಿನಿಯೇಚರ್‌ಗಳನ್ನು ನೋಡುವುದು, ಕೊಳ್ಳುವುದು, ಕಾಪಾಡುವುದು

ಮೇಜಿನ ಮೇಲೆ ಯುದ್ಧದಾಟ ಆಡಲು ಬಳಸುವ ಪುಟ್ಟ ಸೈನಿಕನನ್ನು ಅಂಗಡಿಯ ಜಾಲತಾಣದಲ್ಲಿ ನೋಡಿದರೆ ಅವನು ಪರದೆಯನ್ನೆಲ್ಲ ಆವರಿಸಿಕೊಂಡಿರುತ್ತಾನೆ. ಕವಚದ ಒಂದೊಂದು ಮೊಳೆ, ಸೊಂಟದ ಚೀಲದ ಗುಂಡಿ, ಕತ್ತಿಯ ಹಿಡಿಗೆ ಸುತ್ತಿದ ದಾರ, ಎಲ್ಲವೂ ಕಾಣುತ್ತವೆ. ಅದೇ ಸೈನಿಕ ಆಟದ ಮೇಜಿಗೆ ಬಂದಾಗ ಅವನ ಎತ್ತರ ಸುಮಾರು ಮೂರು ಸೆಂಟಿಮೀಟರ್, ಅವನಿಗೂ ನಮ್ಮ ಕಣ್ಣಿಗೂ ನಡುವೆ ಎರಡು ಮೂರು ಅಡಿ. ಪರದೆಯಲ್ಲಿ ಮನಸೆಳೆದ ವಿವರಗಳಲ್ಲಿ ಹೆಚ್ಚಿನವು ಆ ದೂರಕ್ಕೆ ಬರಿಯ ಗೋಜಲು. ಅಲ್ಲಿ ಉಳಿಯುವುದು ಹೊರರೇಖೆ, ನಿಂತ ಭಂಗಿ, ಬಣ್ಣ ಹಿಡಿಯುವ ನಾಲ್ಕಾರು ದೊಡ್ಡ ಮೇಲ್ಮೈಗಳು. ಮಿನಿಯೇಚರ್‌ನ ವಿನ್ಯಾಸ ಒಳ್ಳೆಯದೋ ಅಲ್ಲವೋ ಎಂಬ ವಾದ ಎಲ್ಲಿ ನಡೆದರೂ ಈ ದೂರವನ್ನು ಮರೆತರೆ ಅದು ದಾರಿ ತಪ್ಪುತ್ತದೆ. ಮರೆಯಬಾರದ ಇನ್ನೆರಡು ಸಂಗತಿಗಳು ಅಳತೆ ಮತ್ತು ಅಚ್ಚು.

ಅಳತೆಯಿಂದ ಶುರುಮಾಡೋಣ. ಈ ಹವ್ಯಾಸದಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದು 28 ಮಿಲಿಮೀಟರ್ ಗಾತ್ರ. ಹಲವು ತಯಾರಕರು ಇದನ್ನು ಪಾದದಿಂದ ಕಣ್ಣಿನ ಮಟ್ಟದವರೆಗೆ ಅಳೆಯುತ್ತಾರೆ, ಕೆಲವರು ನೆತ್ತಿಯವರೆಗೆ. ಹಾಗಾಗಿ ಒಂದೇ ಸಂಖ್ಯೆ ಬರೆದಿರುವ ಎರಡು ಕಂಪನಿಗಳ ಗೊಂಬೆಗಳು ಪಕ್ಕಪಕ್ಕ ನಿಂತಾಗ ಎರಡು ಮಿಲಿಮೀಟರ್ ಹೆಚ್ಚುಕಡಿಮೆ ಕಾಣುವುದು ಮಾಮೂಲು. ಕಣ್ಣಿನವರೆಗೆ 28 ಎಂದು ಹಿಡಿದರೆ ಲೆಕ್ಕ ಸರಿಸುಮಾರು 58ಕ್ಕೆ 1 ಆಗುತ್ತದೆ. ಈ ಲೆಕ್ಕವನ್ನು ಆಯುಧಗಳಿಗೆ ಹಾಕಿ ನೋಡಿ. ನಿಜವಾದ ಕತ್ತಿಯ ಅಲಗಿನ ದಪ್ಪ 5 ಮಿಲಿಮೀಟರ್ ಇದ್ದರೆ ಗೊಂಬೆಯ ಕೈಯಲ್ಲಿ ಅದು 0.09 ಮಿಲಿಮೀಟರ್ ಆಗಬೇಕು, ಅಂದರೆ ಮಾಮೂಲಿ ಕಾಗದದಷ್ಟು. ಎರಡೂವರೆ ಸೆಂಟಿಮೀಟರ್ ದಪ್ಪದ ಈಟಿಯ ಕೋಲು ಅರ್ಧ ಮಿಲಿಮೀಟರ್‌ಗೂ ಕಡಿಮೆ. ಕಣ್ಣು ಒಂದು ತುದಿಯಿಂದ ಇನ್ನೊಂದು ತುದಿಗೆ ಅರ್ಧ ಮಿಲಿಮೀಟರ್. ಇಷ್ಟು ತೆಳುವಾದುದನ್ನು ಎರಕ ಹೊಯ್ಯುವುದು ಕಷ್ಟ. ಹೊಯ್ದರೂ ಮೊದಲ ಸಲ ಕೈಗೆತ್ತಿಕೊಂಡಾಗಲೇ ಮುರಿಯುತ್ತದೆ ಇಲ್ಲವೇ ಬಾಗುತ್ತದೆ. ಹಾಗಾಗಿ ಆಯುಧ ದಪ್ಪವಾಗಲೇಬೇಕು. ಆಯುಧ ದಪ್ಪವಾದರೆ ಅದನ್ನು ಹಿಡಿದ ಕೈ ದೊಡ್ಡದಾಗಬೇಕು, ಕೈ ದೊಡ್ಡದಾದರೆ ತಲೆಯೂ ಅದಕ್ಕೆ ಹೊಂದಬೇಕು. ನಿಜ ಲೆಕ್ಕದಲ್ಲಿ 4 ಮಿಲಿಮೀಟರ್ ಇರಬೇಕಾದ ತಲೆ 5ಕ್ಕೆ ಏರುತ್ತದೆ. ಹವ್ಯಾಸಿಗಳು 'ಹೀರೋಯಿಕ್' ಎಂದು ಕರೆಯುವ ದಪ್ಪತಲೆ, ದಪ್ಪಕೈಗಳ ಮಾದರಿ ಹುಟ್ಟಿದ್ದು ಈ ಸರಪಳಿಯಿಂದ. ಅದನ್ನು ಶಿಲ್ಪಿಯ ಅರಿವಿನ ಕೊರತೆ ಎಂದು ಜರಿಯುವುದು ತಪ್ಪು. ದೂರದಿಂದ ಮುಖ ಗುರುತಿಸಲು, ಬ್ರಷ್‌ನ ತುದಿ ಕಣ್ಣಿಗೆ ತಲುಪಲು ಈ ಹಿಗ್ಗುವಿಕೆ ನಿಜಕ್ಕೂ ಸಹಾಯ ಮಾಡುತ್ತದೆ.

ಇನ್ನು ಅಚ್ಚು. ಹೊಯ್ಸಳರ ಶಿಲ್ಪಿಗೆ ಮೃದುವಾದ ಬಳಪದ ಕಲ್ಲು ಸಿಕ್ಕಿದ್ದರಿಂದ ಬೇಲೂರಿನಲ್ಲಿ ಬಳೆಯ ಕುಸುರಿಯವರೆಗೆ ಕೆತ್ತಲು ಸಾಧ್ಯವಾಯಿತು. ಹಂಪಿಯ ಕಣಶಿಲೆ ಆ ಸಲಿಗೆ ಕೊಡಲಿಲ್ಲ, ಅಲ್ಲಿನ ರೂಪಗಳು ದುಂಡಗೆ, ದಿಟ್ಟವಾಗಿ ಬಂದವು. ಮಿನಿಯೇಚರ್‌ಗಳಲ್ಲೂ ರೂಪಕ್ಕೆ ಮೊದಲ ಷರತ್ತು ಹಾಕುವುದು ವಸ್ತುವೇ.

ಲೋಹದ ಗೊಂಬೆಗಳ ದಾರಿ ಹೀಗೆ. ತಂತಿಯ ಅಸ್ಥಿಪಂಜರದ ಮೇಲೆ ಶಿಲ್ಪಿ ಎಪಾಕ್ಸಿ ಪುಟ್ಟಿಯಲ್ಲಿ ಆಕಾರ ಕೊಡುತ್ತಾನೆ. ನೀಲಿ ಮತ್ತು ಹಳದಿ ಪಟ್ಟಿಗಳನ್ನು ಕಲಸಿದಾಗ ಹಸಿರಾಗುವ ಈ ಪುಟ್ಟಿಗೆ ಎಲ್ಲರೂ 'ಗ್ರೀನ್ ಸ್ಟಫ್' ಎನ್ನುತ್ತಾರೆ. ಗಂಟೆ ಒಂದೂವರೆ ಗಂಟೆ ಕೆಲಸಕ್ಕೆ ಸಿಗುತ್ತದೆ, ಪೂರ್ತಿ ಗಟ್ಟಿಯಾಗಲು ಒಂದು ದಿನ ಬೇಕು. ಹೀಗೆ ಸಿದ್ಧವಾದ ಮೂಲವನ್ನು ಎರಡು ರಬ್ಬರ್ ತಟ್ಟೆಗಳ ನಡುವೆ ಇಟ್ಟು ಬಿಸಿ ಮತ್ತು ಒತ್ತಡದಲ್ಲಿ ಬೇಯಿಸಿದರೆ ಅಚ್ಚು ಸಿದ್ಧ. ಆ ತಟ್ಟೆ ಗಿರಗಿರನೆ ತಿರುಗುತ್ತಿರುವಾಗ ನಡುವಿನ ರಂಧ್ರಕ್ಕೆ ಕರಗಿದ ಲೋಹ ಸುರಿಯುತ್ತಾರೆ. ತಿರುಗುವ ರಭಸಕ್ಕೆ ಲೋಹ ಅಂಚಿನವರೆಗೂ ನುಗ್ಗಿ ಗುಳಿಗಳನ್ನು ತುಂಬುತ್ತದೆ. ರಬ್ಬರ್ ಬಾಗುವ ವಸ್ತುವಾದ್ದರಿಂದ ಗಡ್ಡದ ಕೆಳಗಿನ ತಗ್ಗು, ಬಟ್ಟೆಯ ಮಡಿಕೆಯ ಒಳಬದಿ ಮುಂತಾದ ಕೊಕ್ಕೆಯಾಕಾರದ ಜಾಗಗಳಿಂದಲೂ ಗೊಂಬೆಯನ್ನು ಬಿಡಿಸಿಕೊಳ್ಳಬಹುದು. ಆದರೆ ಎರಡು ತಟ್ಟೆಗಳು ಸೇರುವ ಸಮತಲ ಒಂದೇ. ಕೈಕಾಲುಗಳು ಆ ಸಮತಲದ ಆಸುಪಾಸಿನಲ್ಲೇ ಇರಬೇಕಾದ್ದರಿಂದ ಹಳೆಯ ಒಂಟಿತುಂಡಿನ ಲೋಹದ ಗೊಂಬೆಗಳು ಎಡಬಲಕ್ಕೆ ಚಾಚಿ, ಮುಂದೆ ಹಿಂದೆ ಚಪ್ಪಟೆಯಾಗಿ ನಿಂತಿರುತ್ತವೆ. ಹಳಬರು ಪ್ರೀತಿಯಿಂದ ನೆನೆಯುವ ಆ ಭಂಗಿಯನ್ನು ಕೊಟ್ಟಿದ್ದು ರಬ್ಬರ್ ತಟ್ಟೆ.

ಪ್ಲಾಸ್ಟಿಕ್‌ನಲ್ಲಿ ಅಚ್ಚು ಉಕ್ಕಿನದು, ತುಸುವೂ ಬಾಗುವುದಿಲ್ಲ. ಕರಗಿದ ಪಾಲಿಸ್ಟೈರೀನ್ ಒತ್ತಡದಲ್ಲಿ ನುಗ್ಗಿ ತಣಿದ ಮೇಲೆ ಅಚ್ಚಿನ ಎರಡು ಭಾಗಗಳು ನೇರವಾಗಿ ಎದುರುಬದುರು ದಿಕ್ಕಿಗೆ ಸರಿಯುತ್ತವೆ. ಹಾಗೆ ಸರಿಯುವಾಗ ಅಡ್ಡ ಬರುವ ಯಾವ ವಿವರವೂ ಇರಕೂಡದು. ಆದ್ದರಿಂದ ಅಚ್ಚಿಗೆ ಮುಖಮಾಡಿದ ಬದಿಯಲ್ಲಿ ವಿವರ ಚೂಪಾಗಿ ಬರುತ್ತದೆ, ಪಕ್ಕದ ಬದಿಗಳಲ್ಲಿ ಸವೆದಂತೆ ಕಾಣುತ್ತದೆ. ಪ್ಲಾಸ್ಟಿಕ್ ಗೊಂಬೆಯ ಎದೆಪಟ್ಟಿ ಸೊಗಸಾಗಿದ್ದು, ಪಕ್ಕೆಯ ಹತ್ತಿರ ಅದೇ ಪಟ್ಟಿ ಕರಗಿದಂತಿದ್ದರೆ ಕಾರಣ ಇದು. ಪರಿಹಾರವೆಂದರೆ ಗೊಂಬೆಯನ್ನು ಹೆಚ್ಚು ತುಂಡುಗಳಾಗಿ ಸೀಳಿ, ಪ್ರತಿ ತುಂಡನ್ನೂ ಅದಕ್ಕೆ ಅನುಕೂಲವಾದ ಕೋನದಲ್ಲಿ ಅಚ್ಚಿನೊಳಗೆ ಮಲಗಿಸುವುದು. ಮೊದಲೆಲ್ಲ ಮೂಲವನ್ನು ಮೂರು ಪಟ್ಟು ದೊಡ್ಡದಾಗಿ ಕೈಯಲ್ಲಿ ಕೆತ್ತಿ, ಪ್ಯಾಂಟೋಗ್ರಾಫ್ ಎಂಬ ಸಾಧನದಿಂದ ಅದನ್ನು ಕಿರಿದುಗೊಳಿಸುತ್ತ ಉಕ್ಕಿಗೆ ಇಳಿಸುತ್ತಿದ್ದರು. ಈಗ ಶಿಲ್ಪವೂ ಕಂಪ್ಯೂಟರಿನಲ್ಲಿ, ಸೀಳುವುದೂ ಕಂಪ್ಯೂಟರಿನಲ್ಲಿ. ಉಕ್ಕಿನ ಅಚ್ಚಿಗೆ ಹಲವು ಸಾವಿರ ಪೌಂಡ್ ಖರ್ಚು. ರಬ್ಬರ್ ಅಚ್ಚು ಅದರ ಮುಂದೆ ಅಗ್ಗ. ನೂರಾರು ಪ್ರತಿ ಮಾತ್ರ ಮಾರಾಟವಾಗುವ ವಿರಳ ಸೈನ್ಯಗಳು ಇಂದಿಗೂ ಲೋಹದಲ್ಲೇ ಬರುವುದು, ದೊಡ್ಡ ಕಂಪನಿಗಳ ಜನಪ್ರಿಯ ಸೈನ್ಯಗಳು ಪ್ಲಾಸ್ಟಿಕ್‌ನಲ್ಲಿ ಬರುವುದು ಈ ಲೆಕ್ಕದಿಂದ.

ರೆಸಿನ್, ಅಂದರೆ ದ್ರವವಾಗಿ ಸುರಿದ ಮೇಲೆ ಗಟ್ಟಿಯಾಗುವ ವಸ್ತು, ಇವೆರಡರ ನಡುವೆ ನಿಲ್ಲುತ್ತದೆ. ಸಿಲಿಕೋನ್ ಅಚ್ಚು ಬಹಳ ಮೃದು, ಆದ್ದರಿಂದ ವಿವರ ಅದ್ಭುತವಾಗಿ ಬರುತ್ತದೆ. ಆದರೆ ಗಾಳಿಗುಳ್ಳೆ ಸಿಕ್ಕಿಕೊಳ್ಳುವುದು, ತೆಳು ಭಾಗ ಸೊಟ್ಟಗಾಗುವುದು ಅದರ ಹುಟ್ಟುಗುಣ. ಸೊಟ್ಟಗಾದ ಕತ್ತಿಯನ್ನು ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಬೆರಳಲ್ಲಿ ನೆಟ್ಟಗೆ ಮಾಡಿ, ಕೂಡಲೇ ತಣ್ಣೀರಿಗೆ ಹಾಕಿದರೆ ಹಾಗೆಯೇ ನಿಲ್ಲುತ್ತದೆ. ರೆಸಿನ್ ಉಜ್ಜಿದ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ನೀರು ಹಾಕಿಕೊಂಡು ಉಜ್ಜಬೇಕು, ಮಾಸ್ಕ್ ಹಾಕಿಕೊಳ್ಳಬೇಕು.

ಈ ಮೂರೂ ವಸ್ತುಗಳ ಕಥೆ ಒಂದೇ ಊರಿನಲ್ಲಿ ಓದಲು ಸಿಗುತ್ತದೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಸುತ್ತಮುತ್ತ ಈ ಉದ್ಯಮ ಎಷ್ಟು ದಟ್ಟವಾಗಿದೆಯೆಂದರೆ ಆ ಪ್ರದೇಶಕ್ಕೆ 'ಲೆಡ್ ಬೆಲ್ಟ್', ಅಂದರೆ ಸೀಸದ ಪಟ್ಟಿ, ಎಂಬ ಅಡ್ಡಹೆಸರಿದೆ. ಗೇಮ್ಸ್ ವರ್ಕ್‌ಶಾಪ್ ಕಂಪನಿ 1975ರಲ್ಲಿ ಲಂಡನ್ನಿನಲ್ಲಿ ಶುರುವಾಯಿತು. ಗೊಂಬೆ ತಯಾರಿಕೆಗಾಗಿ ಸಿಟಡೆಲ್ ಮಿನಿಯೇಚರ್ಸ್ 1978ರಲ್ಲಿ ಹುಟ್ಟಿತು. 1983ರಲ್ಲಿ ವಾರ್‌ಹ್ಯಾಮರ್ ಆಟ, 1987ರಲ್ಲಿ ವಾರ್‌ಹ್ಯಾಮರ್ 40,000 ಬಂದವು. ಅವಳಿ ಸೋದರರಾದ ಮೈಕೆಲ್ ಮತ್ತು ಅಲನ್ ಪೆರ್ರಿ ಸಿಟಡೆಲ್‌ನಲ್ಲಿ ದೀರ್ಘಕಾಲ ಶಿಲ್ಪಿಗಳಾಗಿದ್ದು, 2001ರಲ್ಲಿ ಐತಿಹಾಸಿಕ ಸೈನ್ಯಗಳಿಗೆಂದೇ ತಮ್ಮ ಕಂಪನಿ ತೆರೆದರು. 2007ರಲ್ಲಿ ವಾರ್‌ಲಾರ್ಡ್ ಗೇಮ್ಸ್ ಶುರುವಾದದ್ದೂ ನಾಟಿಂಗ್‌ಹ್ಯಾಮ್‌ನಲ್ಲೇ.

ವಾರ್‌ಹ್ಯಾಮರ್ 40,000ದ ಸ್ಪೇಸ್ ಮರೀನ್ ಎಂಬ ಒಂದೇ ಸೈನಿಕನನ್ನು ಹಿಡಿದು ನೋಡಿದರೆ ಇಡೀ ವಿನ್ಯಾಸ ಚರ್ಚೆ ಅರ್ಥವಾಗುತ್ತದೆ. ಈ ಸೈನಿಕನ ಭುಜಕವಚ ತಲೆಗಿಂತ ದೊಡ್ಡದು. ಯುದ್ಧಶಾಸ್ತ್ರದ ಲೆಕ್ಕದಲ್ಲಿ ಅದು ಅಸಂಬದ್ಧ, ಗೊಂಬೆಯ ಲೆಕ್ಕದಲ್ಲಿ ಅತ್ಯುತ್ತಮ. ಎರಡು ದೊಡ್ಡ ಉಬ್ಬು ಮೇಲ್ಮೈಗಳು ಅಚ್ಚಿನಿಂದ ಸಲೀಸಾಗಿ ಬಿಡುತ್ತವೆ, ಬಣ್ಣ ಬಳಿಯಲು ಹೊಸಬರಿಗೂ ಸುಲಭ, ಮೇಲಾಗಿ ಅವು ಮಾಹಿತಿ ಫಲಕಗಳು: ಎಡಭುಜದಲ್ಲಿ ಪಡೆಯ ಲಾಂಛನ, ಬಲಭುಜದಲ್ಲಿ ತುಕಡಿಯ ಗುರುತು. ಬೆನ್ನ ಮೇಲಿನ ಪೆಟ್ಟಿಗೆಗೆ ಎರಡು ದುಂಡು ಕಿವಿಗಳಂಥ ರಂಧ್ರಗಳು. ಬರೀ ನೆರಳು ಬಿದ್ದರೂ ಇವನು ಯಾರೆಂದು ತಿಳಿಯುತ್ತದೆ. ಈ ಹೊರರೇಖೆ 1980ರ ದಶಕದಿಂದ ಇಂದಿನವರೆಗೆ ಉಳಿದುಬಂದಿದೆ. ಅದನ್ನು ತಿದ್ದಿ ತೀಡಿ ನೆಲೆಗೊಳಿಸಿದವರಲ್ಲಿ ಶಿಲ್ಪಿ ಜೆಸ್ ಗುಡ್‌ವಿನ್ ಅವರ ಪಾಲು ದೊಡ್ಡದು.

ಹಳೆಯ ಮರೀನ್‌ಗಳ ದೋಷವೆಂದರೆ ಕಾಲು. ಮಂಡಿ ಬಗ್ಗಿಸಿ ಕುಕ್ಕರಿಸಿದಂತೆ ನಿಲ್ಲುವ ಗಿಡ್ಡ ಕಾಲುಗಳ ಮೇಲೆ ಅಗಲವಾದ ಮೈ. ಇವರು ಮನುಷ್ಯರಿಗಿಂತ ಬಹಳ ಎತ್ತರದ ಯೋಧರು ಎಂದು ಆಟದ ಕಥೆ ಹೇಳುತ್ತದೆ. ಮೇಜಿನ ಮೇಲೆ ಸಾಧಾರಣ ಸೈನಿಕರ ಪಕ್ಕದಲ್ಲಿ ಹೆಚ್ಚೂಕಡಿಮೆ ಅದೇ ಎತ್ತರ. 2017ರಲ್ಲಿ ಬಂದ ಪ್ರೈಮರಿಸ್ ಮರೀನ್‌ಗಳು ಇದನ್ನು ಸರಿಪಡಿಸಿದವು. ತೊಡೆ ಉದ್ದವಾಯಿತು, ಸೊಂಟಕ್ಕೆ ತಿರುವು ಬಂತು, ತಲೆ ಮೈಗೆ ಹೊಂದಿತು. ಅಷ್ಟರಮಟ್ಟಿಗೆ ಇದು ನಿಸ್ಸಂದೇಹವಾಗಿ ಮುನ್ನಡೆ. ಆದರೆ ಅದರ ಜೊತೆಗೆ ಕೈಬಿಟ್ಟುಹೋದದ್ದು ಒಂದಿದೆ.

1998ರ ಆಸುಪಾಸಿನ ಪ್ಲಾಸ್ಟಿಕ್ ಮರೀನ್ ಪೆಟ್ಟಿಗೆಯಲ್ಲಿ ಕಾಲು, ಎದೆ, ಬೆನ್ನು, ತೋಳು, ತಲೆ ಎಲ್ಲ ಬೇರೆಬೇರೆ. ಸೊಂಟದ ಸೇರುವೆ ಚಪ್ಪಟೆ. ಯಾವ ಮೈಯನ್ನು ಯಾವ ಕಾಲಿನ ಮೇಲೆ, ಯಾವ ಕೋನಕ್ಕೆ ಬೇಕಾದರೂ ಕೂರಿಸಬಹುದಿತ್ತು. ಹತ್ತು ಮಂದಿಯ ತುಕಡಿಯಲ್ಲಿ ಇಬ್ಬರೂ ಒಂದೇ ಥರ ಇರಬೇಕಾಗಿರಲಿಲ್ಲ. ಬೇರೆ ಪೆಟ್ಟಿಗೆಯ ತೋಳು, ತಲೆ ತಂದು ಕೂಡಿಸುವ ಕಿಟ್‌ಬ್ಯಾಶಿಂಗ್ ಎಂಬ ಕಲೆ ಬೆಳೆದದ್ದು ಇಂಥ ಪೆಟ್ಟಿಗೆಗಳಿಂದ. ಇಂದಿನ ಅನೇಕ ಕಿಟ್‌ಗಳಲ್ಲಿ ಕಂಪ್ಯೂಟರ್ ಗೊಂಬೆಯನ್ನು ಬಟ್ಟೆಯ ಮಡಿಕೆಯ ಉದ್ದಕ್ಕೆ, ಕವಚದ ಅಂಚಿನ ಉದ್ದಕ್ಕೆ ಸೀಳುತ್ತದೆ. ಎಡಗಾಲಿನ ಜೊತೆ ಅರ್ಧ ಎದೆ, ಬಲತೋಳಿನ ಜೊತೆ ಅರ್ಧ ಮೇಲಂಗಿ. ಸೇರುವೆಗಳು ಕಣ್ಣಿಗೆ ಬೀಳುವುದಿಲ್ಲ, ಭಂಗಿ ಸಹಜವಾಗುತ್ತದೆ. ಆದರೆ ಆ ತುಂಡು ಅದರ ಜೋಡಿಗೆ ಮಾತ್ರ ಕೂರುತ್ತದೆ. ಐದು ಮೈಗಳ ಸ್ಪ್ರೂ (ತುಂಡುಗಳು ಅಂಟಿಕೊಂಡೇ ಬರುವ ಪ್ಲಾಸ್ಟಿಕ್ ಚೌಕಟ್ಟು) ಎರಡು ಸಲ ಇರುವ ಪೆಟ್ಟಿಗೆಯಲ್ಲಿ ಪ್ರತಿ ಭಂಗಿಯೂ ಎರಡೆರಡು ಸಲ ಬರುತ್ತದೆ; ಎರಡು ಪೆಟ್ಟಿಗೆ ಕೊಂಡರೆ ನಾಲ್ಕು ಸಲ. ಸರದಾರನಂಥ ಒಂಟಿ ಗೊಂಬೆಗೆ ಈ ಪದ್ಧತಿ ಸರಿಯೇ. ಸಾಲಾಗಿ ನಿಲ್ಲುವ ಪದಾತಿಗೆ ಹಳೆಯ ಪದ್ಧತಿಯೇ ಮೇಲು, ಮತ್ತು ಕಂಪನಿಗಳು ಅದನ್ನು ಪೂರ್ತಿ ಬಿಡಬಾರದಿತ್ತು. ಹೊಸ ಕಿಟ್‌ಗಳಲ್ಲಿ ವೈವಿಧ್ಯ ಬೇಕೆನ್ನುವವರು ಮೊದಲು ಕುತ್ತಿಗೆ ನೋಡಬೇಕು. ತಲೆ ಗೋಲಿಯಂತೆ ಗುಳಿಯಲ್ಲಿ ಕೂರುವ ಹಾಗಿದ್ದರೆ ಬೇರೆ ತಲೆ ಹಾಕಿ, ದಿಕ್ಕು ಬದಲಿಸಬಹುದು. ಮೇಜಿನ ದೂರಕ್ಕೆ ತಲೆಯ ದಿಕ್ಕು ಬದಲಾದರೆ ಭಂಗಿಯೇ ಬದಲಾದಂತೆ ಕಾಣುತ್ತದೆ.

ಇನ್ನೊಂದು ದೊಡ್ಡ ವಾಗ್ವಾದ ಕಾಲಡಿಯ ಕಲ್ಲಿನದು. ಈಚಿನ ಅನೇಕ ಗೊಂಬೆಗಳು ಒಂದು ಕಾಲನ್ನು ಬಂಡೆಯ ಮೇಲೋ ಮುರಿದ ಕಂಬದ ಮೇಲೋ ಇಟ್ಟು ನಿಲ್ಲುತ್ತವೆ. 'ಟ್ಯಾಕ್ಟಿಕಲ್ ರಾಕ್' ಎಂದು ಇದಕ್ಕೆ ಹೆಸರೇ ಬಿದ್ದಿದೆ. ಶಿಲ್ಪಿಗೆ ಇದರಿಂದ ಲಾಭವಿದೆ: ಎತ್ತರ ಸಿಗುತ್ತದೆ, ಸೊಂಟ ವಾಲುತ್ತದೆ, ಹಾರುವ ಗೊಂಬೆಗೆ ಆಧಾರ ಸಿಗುತ್ತದೆ. ಆದರೆ ಗೊಂಬೆ ನಿಲ್ಲಿಸುವ ಪುಟ್ಟ ಬುಡಗಳನ್ನು ಮರುಭೂಮಿಯಂತೆ ಮಾಡಿಕೊಂಡ ಸೈನ್ಯದಲ್ಲಿ ಒಬ್ಬನ ಕಾಲಡಿ ಗೋಥಿಕ್ ಕಟ್ಟಡದ ಅವಶೇಷ ಬಂದರೆ ಏನು ಮಾಡುವುದು? ಒಂದೇ ಬಂಡೆ ತುಕಡಿಯಲ್ಲಿ ಮೂರು ಸಲ ಕಂಡರೆ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಬಂಡೆ ಬೇರೆ ತುಂಡಾಗಿ ಬಂದರೆ ತಕರಾರಿಲ್ಲ, ಬಿಟ್ಟು ಅಂಟಿಸಬಹುದು. ಪಾದಕ್ಕೆ ಬೆಸೆದುಕೊಂಡೇ ಬಂದರೆ ಅದು ಕೊಳ್ಳುವವನ ಆಯ್ಕೆಯನ್ನು ಕಸಿದುಕೊಂಡ ವಿನ್ಯಾಸ.

ಅತಿವಿವರವೂ ಇಂಥದೇ ದೋಷ. ಪರದೆಯ ಮೇಲೆ ಶಿಲ್ಪಿ ಗೊಂಬೆಯನ್ನು ಎಷ್ಟು ಬೇಕಾದರೂ ಹಿಗ್ಗಿಸಿಕೊಳ್ಳಬಹುದು, ಹಾಗಾಗಿ ಖಾಲಿ ಜಾಗ ಕಂಡಲ್ಲೆಲ್ಲ ಚೀಲ, ಪಟ್ಟಿ, ತಲೆಬುರುಡೆ, ಕಾಗದದ ಸುರುಳಿ ಬಂದು ಕೂರುತ್ತವೆ. ಇದನ್ನು ಪರೀಕ್ಷಿಸುವ ಸರಳ ಉಪಾಯ: ಗೊಂಬೆಯ ಚಿತ್ರವನ್ನು ಫೋನಿನ ಪರದೆಯಲ್ಲಿ ಹೆಬ್ಬೆರಳ ಉಗುರಿನಷ್ಟು ಕಿರಿದು ಮಾಡಿ, ಬಣ್ಣ ತೆಗೆದು ಕಪ್ಪುಬಿಳುಪಿಗೆ ತಿರುಗಿಸಿ. ಮುಖ ಎಲ್ಲಿದೆ, ಆಯುಧ ಯಾವುದು, ಯಾವ ಕಡೆಗೆ ನಡೆಯುತ್ತಿದ್ದಾನೆ ಎಂಬ ಮೂರು ಪ್ರಶ್ನೆಗಳಿಗೆ ತಟ್ಟನೆ ಉತ್ತರ ಸಿಕ್ಕರೆ ವಿನ್ಯಾಸ ಗಟ್ಟಿ. ಪೆರ್ರಿ ಸೋದರರ ಐತಿಹಾಸಿಕ ಪದಾತಿಗಳು ಈ ಪರೀಕ್ಷೆಯಲ್ಲಿ ಯಾವಾಗಲೂ ಗೆಲ್ಲುತ್ತವೆ. ಅವರ ಗೊಂಬೆಗಳು ಸಪೂರ, ಭಂಗಿ ಸೌಮ್ಯ, ಒಂಟಿಯಾಗಿ ನೋಡಿದರೆ ಏನೂ ವಿಶೇಷವಿಲ್ಲ ಅನ್ನಿಸಬಹುದು. ಇಪ್ಪತ್ತನಾಲ್ಕು ಮಂದಿಯನ್ನು ಸಾಲುಗಟ್ಟಿಸಿದಾಗ ಅದು ನಡೆಯುವ ಪಡೆಯಾಗುತ್ತದೆ. ಒಬ್ಬೊಬ್ಬನೂ ಕೈಕಾಲು ಚಾಚಿ ನೆಗೆಯುತ್ತಿರುವ ಗೊಂಬೆಗಳನ್ನು 20 ಅಥವಾ 25 ಮಿಲಿಮೀಟರ್ ಚೌಕದ ಬುಡಗಳ ಮೇಲೆ ಹೊಂದಿಸಲು ಹೋದರೆ ಒಬ್ಬನ ಈಟಿ ಇನ್ನೊಬ್ಬನ ಬೆನ್ನಿಗೆ ತಗಲುತ್ತದೆ. ಬುಡಗಳ ಅಡಿಗೆ ನಂಬರ್ ಬರೆದು, ಯಾರ ಪಕ್ಕ ಯಾರು ಎಂದು ಗೊತ್ತುಮಾಡಿಕೊಳ್ಳಬೇಕಾಗುತ್ತದೆ.

ಬೇರೆಬೇರೆ ಕಂಪನಿಗಳ ಗೊಂಬೆ ಬೆರೆಸುವಾಗ ಜನ ಎತ್ತರ ನೋಡುತ್ತಾರೆ. ನೋಡಬೇಕಾದದ್ದು ತಲೆ ಮತ್ತು ಕೈಯ ಗಾತ್ರ. ಎತ್ತರದಲ್ಲಿ ಒಂದೂವರೆ ಮಿಲಿಮೀಟರ್ ವ್ಯತ್ಯಾಸವನ್ನು ಬುಡದ ದಪ್ಪ ಮುಚ್ಚಿಹಾಕುತ್ತದೆ, ಜನರಲ್ಲೂ ಗಿಡ್ಡ ಉದ್ದ ಇರುತ್ತಾರಲ್ಲ. ಒಬ್ಬನ ತಲೆ ಇನ್ನೊಬ್ಬನಿಗಿಂತ ಕಾಲುಭಾಗ ದಪ್ಪವಾದರೆ ಮಾತ್ರ ಯಾವ ಬಣ್ಣವೂ ಅದನ್ನು ಮರೆಸುವುದಿಲ್ಲ. ಒಂದೇ ತುಕಡಿಯೊಳಗೆ ಒಂದೇ ತಯಾರಕರ ಗೊಂಬೆಗಳು, ತುಕಡಿಯಿಂದ ತುಕಡಿಗೆ ಬೇಕಾದರೆ ಬೇರೆ: ಈ ನಿಯಮ ಇಟ್ಟುಕೊಂಡರೆ ಸಾಕು.

ಮನೆಯಲ್ಲೇ ಮುದ್ರಿಸುವ ರೆಸಿನ್ ಪ್ರಿಂಟರ್‌ಗಳು ಅಚ್ಚಿನ ಷರತ್ತನ್ನೇ ತೆಗೆದುಹಾಕಿವೆ. ಪದರದ ದಪ್ಪ 0.05 ಮಿಲಿಮೀಟರ್ ಇಟ್ಟರೆ 28 ಮಿಲಿಮೀಟರ್ ಗೊಂಬೆಗೆ 560 ಪದರ. ಎಂಥ ಕೊಕ್ಕೆಯಾಕಾರವೂ ಬರುತ್ತದೆ. ಆದರೆ ಷರತ್ತು ಹೋದಾಗ ಶಿಸ್ತೂ ಹೋಗುವ ಅಪಾಯವಿದೆ: ಮುದ್ರಿಸಲು ಬೇಕಾದ ಫೈಲ್ ಮಾರುವ ಅನೇಕರು ಕೂದಲೆಳೆಯಂಥ ಕತ್ತಿ, ಗಾಳಿಗೆ ಹಾರುವ ತೆಳು ರಿಬ್ಬನ್ ಕೊಡುತ್ತಾರೆ. ಮಾಮೂಲಿ ರೆಸಿನ್ ಪೆಡಸು, ಒಂದು ಮಿಲಿಮೀಟರ್‌ಗಿಂತ ತೆಳುವಾದ ಆಯುಧ ಆಟದ ಕೈಗಳಲ್ಲಿ ಬಹಳ ದಿನ ಬಾಳುವುದಿಲ್ಲ. ಆಧಾರಕ್ಕೆ ಕೊಟ್ಟ ಕಡ್ಡಿಗಳು ಮುಖಕ್ಕೆ ತಾಗದಂತೆ ಗೊಂಬೆಯನ್ನು ಹಿಂದಕ್ಕೆ ವಾಲಿಸಿ ಮುದ್ರಿಸಬೇಕು, ಆಗ ಗಾಯದ ಗುರುತು ಬೆನ್ನಿಗೆ ಬೀಳುತ್ತದೆ. ಗಟ್ಟಿಯಾಗದ ರೆಸಿನ್ ಚರ್ಮಕ್ಕೆ ಅಲರ್ಜಿ ತರುತ್ತದೆ. ನೈಟ್ರೈಲ್ ಕೈಗವಸು ಇಲ್ಲದೆ ಮುಟ್ಟಬೇಡಿ. ಗೊಂಬೆ ತೊಳೆದ ಐಸೊಪ್ರೊಪೈಲ್ ಆಲ್ಕೊಹಾಲನ್ನು ಚರಂಡಿಗೆ ಸುರಿಯಬೇಡಿ.

ಜೋಡಣೆಗೆ ಬಂದರೆ, ಅಂಟಿನ ಆಯ್ಕೆಯಲ್ಲೇ ಹೆಚ್ಚಿನ ಹೊಸಬರು ಎಡವುತ್ತಾರೆ. ಪ್ಲಾಸ್ಟಿಕ್ ಸಿಮೆಂಟ್ ಪಾಲಿಸ್ಟೈರೀನನ್ನು ಕರಗಿಸಿ ಬೆಸೆಯುತ್ತದೆ, ಲೋಹ ಮತ್ತು ರೆಸಿನ್ ಮೇಲೆ ಅದಕ್ಕೆ ಯಾವ ಹಿಡಿತವೂ ಇಲ್ಲ. ಅವೆರಡಕ್ಕೂ ಫೆವಿಕ್ವಿಕ್‌ನಂಥ ಸೂಪರ್‌ಗ್ಲೂ ಬೇಕು. ಸೂಪರ್‌ಗ್ಲೂ ಎಳೆತ ತಡೆಯುತ್ತದೆ, ಪೆಟ್ಟು ತಡೆಯುವುದಿಲ್ಲ. ಆದ್ದರಿಂದ ಭಾರದ ಲೋಹದ ತೋಳಿಗೆ, ರೆಕ್ಕೆಗೆ ಒಂದು ಮಿಲಿಮೀಟರ್ ಡ್ರಿಲ್‌ನಿಂದ ಎರಡೂ ಬದಿ ತೂತು ಕೊರೆದು, ಅದೇ ದಪ್ಪದ ಹಿತ್ತಾಳೆ ತಂತಿ ಕೂರಿಸಬೇಕು. ಎರಡು ತೂತುಗಳು ಎದುರುಬದುರು ಬರಲು ಒಂದು ಬದಿ ಕೊರೆದು, ಅದರ ಬಾಯಿಗೆ ಚುಕ್ಕೆ ಬಣ್ಣ ಹಚ್ಚಿ, ಇನ್ನೊಂದು ಬದಿಗೆ ಒತ್ತಿ ಗುರುತು ಮಾಡಿಕೊಳ್ಳಿ. ಅಚ್ಚಿನ ಎರಡು ಭಾಗಗಳು ಸೇರಿದಲ್ಲಿ ಮೂಡುವ ಗೆರೆಯನ್ನು ಚಾಕುವಿನ ಬೆನ್ನಿನಿಂದ ಕೆರೆದು ತೆಗೆಯಿರಿ, ಅಲಗಿನಿಂದ ಕತ್ತರಿಸಲು ಹೋದರೆ ಗುಳಿ ಬೀಳುತ್ತದೆ. ಬರಿಗಣ್ಣಿಗೆ ಕಾಣದ ಗೆರೆಯೂ ಬಣ್ಣ ಬಿದ್ದ ಮೇಲೆ ಎದ್ದು ಕಾಣುತ್ತದೆ, ಯಾಕೆಂದರೆ ತೆಳು ಬಣ್ಣ ಅದರ ಪಕ್ಕದಲ್ಲೇ ನಿಲ್ಲುತ್ತದೆ, ಬಣ್ಣ ಹೆಚ್ಚುಕಡಿಮೆ ಒರೆಸಿದ ಒಣಬ್ರಷ್ ಅದರ ತಲೆಯ ಮೇಲೇ ಬಣ್ಣ ಬಿಡುತ್ತದೆ.

ನಮ್ಮ ಕಡೆ ಸ್ಪ್ರೇ ಪ್ರೈಮರ್‌ಗೆ, ಅಂದರೆ ಬಣ್ಣಕ್ಕೆ ಮೊದಲು ಸಿಂಪಡಿಸುವ ತಳಪದರಕ್ಕೆ, ಶತ್ರು ಮಳೆಗಾಲ. ಹವೆಯಲ್ಲಿ ತೇವ ಹೆಚ್ಚಿದ್ದಾಗ ಸಿಂಪಡಿಸಿದರೆ ಮೇಲ್ಮೈ ಒರಟಾಗುತ್ತದೆ, ಮ್ಯಾಟ್ ವಾರ್ನಿಷ್ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ಕರಾವಳಿ, ಮಲೆನಾಡಿನವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬ್ರಷ್‌ನಲ್ಲಿ ಹಚ್ಚುವ ಪ್ರೈಮರ್‌ಗೆ ಬದಲಾಗುವುದು ಕ್ಷೇಮ. ಬಿರುಬಿಸಿಲೂ ಒಳ್ಳೆಯದಲ್ಲ: ಹನಿ ಗೊಂಬೆ ಮುಟ್ಟುವ ಮೊದಲೇ ಒಣಗಿ ಮರಳಿನಂತೆ ಕೂರುತ್ತದೆ. 20ರಿಂದ 30 ಸೆಂಟಿಮೀಟರ್ ದೂರದಿಂದ, ಡಬ್ಬಿಯನ್ನು ಸರಿಸುತ್ತಲೇ, ಚಿಕ್ಕ ಚಿಕ್ಕ ಸಿಂಪಡಿಕೆ ಸಾಕು.

ಹಳೆಯ ಗೊಂಬೆಗಳನ್ನು ಇನ್ನೊಬ್ಬರಿಂದ ಕೊಳ್ಳುವವರು ಮೂರು ಕಡೆ ಕಣ್ಣಿಡಬೇಕು. ಸಿಟಡೆಲ್‌ನ ಹಳೆಯ ಲೋಹದ ಗೊಂಬೆಗಳ ಕಾಲಡಿಯಲ್ಲಿ ಬುಡಕ್ಕೆ ಸಿಕ್ಕಿಸುವ ಪಟ್ಟಿಯ ಮೇಲೆ ಹೆಸರು ಮತ್ತು ಇಸವಿ ಇರುವುದುಂಟು. ಆ ಇಸವಿ ಶಿಲ್ಪದ ಹಕ್ಕಿನದು, ಎರಕ ಹೊಯ್ದದ್ದು ಅದಾದ ಎಷ್ಟೋ ವರ್ಷಗಳ ಮೇಲಾಗಿರಬಹುದು. ಎರಡನೆಯದು ನಕಲು. ಗೊಂಬೆಯಿಂದಲೇ ಮತ್ತೆ ಅಚ್ಚು ತೆಗೆದ ನಕಲು ಮೂಲಕ್ಕಿಂತ ತುಸು ಕುಗ್ಗಿರುತ್ತದೆ, ಅಂಚುಗಳು ಮೊಂಡಾಗಿರುತ್ತವೆ, ಪಟ್ಟಿಯ ಮೇಲಿನ ಅಕ್ಷರ ಮಸುಕಾಗಿರುತ್ತದೆ. ಮೂರನೆಯದು ಬಳಿದಿರುವ ಬಣ್ಣ. ದಪ್ಪ ಬಣ್ಣ ತೆಗೆಯಲು ಇಂಗ್ಲೆಂಡಿನ ಹವ್ಯಾಸಿಗಳು ಬಹುಕಾಲದಿಂದ ಬಳಸುವ ದ್ರವ ನಮ್ಮ ಮನೆಗಳಲ್ಲೂ ಇದೆ: ಡೆಟಾಲ್. ನೀರು ಬೆರೆಸದೆ ಒಂದು ದಿನ ಮುಳುಗಿಸಿಟ್ಟು, ಕೈಗವಸು ಹಾಕಿಕೊಂಡು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಬೇಕು. ಬಣ್ಣ ಪೂರ್ತಿ ಹೋಗುವವರೆಗೆ ನೀರು ತಾಗಿಸಬಾರದು. ತಾಗಿದರೆ ಕರಗಿದ ಬಣ್ಣ ಮೇಣದಂಥ ಜಿಗುಟಾಗಿ ಸಂದುಗಳಿಗೆ ಸೇರಿಕೊಳ್ಳುತ್ತದೆ. ಉಜ್ಜುವಾಗ ಮತ್ತೆ ಡೆಟಾಲನ್ನೇ ಅದ್ದಿಕೊಳ್ಳಿ, ಕೊನೆಗೆ ಸೋಪುನೀರು. ಅಸಿಟೋನ್ ಲೋಹಕ್ಕೆ ಮಾತ್ರ. ಪಾಲಿಸ್ಟೈರೀನ್ ಅದರಲ್ಲಿ ಕರಗಿಹೋಗುತ್ತದೆ.

ಕಡೆಯದಾಗಿ ಸೀಸ. ಸಿಟಡೆಲ್ ಸೇರಿದಂತೆ ಅನೇಕ ತಯಾರಕರು 1990ರ ದಶಕದಲ್ಲಿ ಸೀಸ ಬಿಟ್ಟು ತವರ ಪ್ರಧಾನವಾದ ಲೋಹಕ್ಕೆ ಬಂದರು. ಅದಕ್ಕೂ ಹಿಂದಿನ ಗೊಂಬೆಗಳಲ್ಲಿ ಸೀಸ ಇದೆಯೆಂದೇ ಎಣಿಸಿ, ಮಕ್ಕಳ ಕೈಗೆ ಕೊಡಬೇಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ. ಇವಕ್ಕೆ ಬರುವ ರೋಗ ಬಿಳಿಪುಡಿ. ಓಕ್ ಮರ, ಪ್ಲೈವುಡ್, ರಟ್ಟಿನ ಡಬ್ಬಿಗಳಿಂದ ನಿಧಾನವಾಗಿ ಹೊರಬರುವ ಅಸಿಟಿಕ್ ಆಮ್ಲದ ಆವಿ ಸೀಸವನ್ನು ಕಾರ್ಬೊನೇಟ್ ಆಗಿ ಮಾರ್ಪಡಿಸುತ್ತದೆ. ಮುಚ್ಚಿದ ಮರದ ಕಪಾಟಿನಲ್ಲಿ ವರ್ಷಗಟ್ಟಲೆ ಇಟ್ಟ ಗೊಂಬೆಗಳ ಬಣ್ಣದಡಿಯಿಂದ ಬೂದುಬಿಳಿ ಪುಡಿ ಉಕ್ಕುವುದು ಹೀಗೆ. ಪುಡಿ ಕಂಡರೆ ಊದಬೇಡಿ, ಅದು ವಿಷ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಗೊಂಬೆಯನ್ನು ಉಳಿದವುಗಳಿಂದ ಬೇರೆಯಿಡಿ. ಸೀಸದ ಗೊಂಬೆಗಳಿಗೆ ಗಾಜು, ಉಕ್ಕು ಅಥವಾ ಪಾಲಿಪ್ರೊಪಿಲೀನ್ ಡಬ್ಬಿಯೇ ಸರಿ, ಮತ್ತು ಪ್ರೈಮರ್ ಹಚ್ಚುವಾಗ ಬುಡಕ್ಕೆ ಸಿಕ್ಕಿಸುವ ಪಟ್ಟಿಯನ್ನೂ, ಪಾದದ ಅಡಿಭಾಗವನ್ನೂ ಬಿಡದೆ ಮುಚ್ಚಬೇಕು. ಬರಿಲೋಹ ಉಳಿದ ಅಂಥ ಜಾಗದಿಂದಲೇ ಪುಡಿ ಶುರುವಾಗುತ್ತದೆ.